ಉಣ್ಣೂ ನೌಕರಿಯಿಂದ ನಾ ರಿಟೈರ್ ಆದದ್ದು

ಮಂದಿ ಅರವತ್ತಕ್ಕ ರಿಟೈರ್ ಆಗ್ತಾರ. ನಾ ಹದಿನೇಳಕ್ಕ ಆದ್ನಿ. ಶಾಲು ಇಲ್ಲ, ಹಾರ ಇಲ್ಲ, ಗ್ರೂಪ್ ಫೋಟೋದಾಗ ನಡುವಿನ ಕುರ್ಚಿ ಇಲ್ಲ. ಪೆನ್ಶನ್ ಸುದ್ದಿ ಅಂತೂ ತಗೀಲೇಬ್ಯಾಡ್ರಿ. ವಿಜಾಪುರದ ಡಾಕ್ಟರ್ ಮೇಡಂ ಫೈಲ್ ಮುಚ್ಚಿ, "ಸಾವಿತ್ರಿ, ಇನ್ನ ಆರು ತಿಂಗಳಿಗೊಮ್ಮೆ ಮಾರಿ ತೋರಿಸಿ ಹೋದ್ರ ಸಾಕು" ಅಂದ್ರು. ಹೊರಗ ಬಂದು ನಮ್ಮವ್ವ ಬಸ್ ಸ್ಟ್ಯಾಂಡ್ ಮುಂದ ಒಂದು ಗ್ಲಾಸ್ ಕಬ್ಬಿನ ಹಾಲ ಕುಡಿಸಿದ್ಳು. ಅದ ನನ್ನ ಬೀಳ್ಕೊಡುಗೆ ಸಮಾರಂಭ. ಭಾಷಣ ಯಾರೂ ಮಾಡಲಿಲ್ಲ, ಅದಕ ಈಗ ನಾನ ಮಾಡಾಕತ್ತೇನಿ.

ಏನ್ ನೌಕರಿ ಅಂದ್ರಿ? ಉಣ್ಣೂ ನೌಕರಿ. ಒಮ್ಮೆ ನಕ್ಕಬಿಡ್ರಿ, ಆಮ್ಯಾಲ ಮುಂದ ಓದ್ರಿ. ದಿನಾ ಹೊತ್ತಿಗೆ ಸರಿಯಾಗಿ ಉಂಡು, ಕರಗಿಹೋದ ಮೈಯನ್ನ ವಾಪಸ್ ತರೂದು. ಇಂಡಿಯಿಂದ ಮುದ್ದೇಬಿಹಾಳತನಕ ಈ ನೌಕರಿ ಮಾಡಾವ್ರು ನನ್ನಂಗ ಇನ್ನೂ ಎಷ್ಟು ಮಂದಿ ಅದಾರೋ, ದೇವರಿಗೇ ಗೊತ್ತು. ಯಾರೂ ಹೇಳಂಗಿಲ್ಲ. ಹುಡುಗಿ ಉಣ್ಣಂಗಿಲ್ಲ ಅಂದ್ರ ನಮ್ಮ ಕಡಿ ದೃಷ್ಟಿ ತಗೀತಾರ, ತಾಯತ ಕಟ್ತಾರ, ಇಲ್ಲಾಂದ್ರ ಗಂಡ ಹುಡುಕ್ತಾರ. ಅದೊಂದು ರೋಗ, ಅದಕ್ಕೂ ಔಷಧ ಐತಿ ಅಂತ ಯಾರೂ ಅನ್ನಂಗಿಲ್ಲ. ಹೊಸದಾಗಿ ಸೇರಾವ್ರಿಗೆ ಹಾದಿ ತಿಳೀಲಿ ಅಂತ ಈ ಹಿರೇಮನಷ್ಯಾಳು ಬರಿಯಾಕ ಕುಂತೇನಿ.

ನನ್ನ ಮೊದಲನೇ ನೌಕರಿ ಬ್ಯಾರೆ ಇತ್ತು. ನಾ ಸೈಕಲ್ ರೇಸಿನಾಕಿ. ಮುಳವಾಡ ಹತ್ತರ ನಮ್ಮೂರು. ಅಲ್ಲಿಂದ ಕೊಲ್ಹಾರ ಬ್ರಿಜ್ ತನಕ ದಿನಾ ಮುಂಜಾನೆ ಹೊಡೀತಿದ್ನಿ. ಹಿನ್ನೀರಿನ ಗಾಳಿ ಅಂದ್ರ ಏನಂತ ನಿಮಗ ಗೊತ್ತಿಲ್ಲ. ಒಂದಿನ ನನ್ನ ಜಡಿ ಹಿಂದಿಂದ ಹಾರಿ ಮುಂದ ಬಂದು, ನನಗಿಂತ ಮೊದಲ ಬ್ರಿಜ್ ದಾಟಿತ್ತು. ಆ ಗಾಳಿಯೊಳಗ ಯಾರೋ ಒಬ್ರು, "ಮೈ ಹಗರ ಇದ್ರ ಸೈಕಲ್ ಹಾರತೈತಿ ನೋಡು" ಅಂದ್ರು. ಅಂದಾವ್ರು ಅಂದು ಮನಿಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ಉಂಡು ಮಲಗಿರಬೇಕು. ನಾ ಮಾತ್ರ ಆ ಮಾತ ತಲ್ಯಾಗ ಇಟ್ಕೊಂಡು ಬಂದ್ನಿ.

ಅದು ತಲ್ಯಾಗ ಸುಮ್ಮನ ಕುಂದರಲಿಲ್ಲ. ಸಾಹೇಬ ಆತು. ಇವತ್ತಿಗೂ ನಾ ಅದಕ 'ಹಳೇ ಸಾಹೇಬ' ಅಂತೇನಿ. ಅವನ ಕೈಯಾಗ ದುಡಿಯೂದಂದ್ರ ಪಗಾರ ಇಲ್ಲ, ಸೂಟಿ ಇಲ್ಲ, ಊಟದ ಬಿಡುವು ಅಂತೂ ಮೊದಲಿಗೇ ಇಲ್ಲ. ರೊಟ್ಟಿ ಎಣಸ್ತಿದ್ದ, ತುತ್ತು ಎಣಸ್ತಿದ್ದ, ಎಣಸೂದು ಏನೂ ಉಳೀಲಿಲ್ಲಂದ್ರ ನನ್ನ ಪಕ್ಕಿಎಲುಬು ಎಣಸ್ತಿದ್ದ. ಅವ್ವ ಊಟಕ್ಕ ಕರದ್ರ "ನಂದು ಆಗೇತಿ" ಅಂತಿದ್ನಿ. ಗೆಳತಿ ಮನ್ಯಾಗ ಆಗೇತಿ, ಸಾಲ್ಯಾಗ ಆಗೇತಿ, ಈಗ ಆಗೇತಿ. ಆ ಎರಡು ಶಬ್ದದ ಮ್ಯಾಲ ನಾ ಎಷ್ಟೋ ತಿಂಗಳ ಸಂಸಾರ ನಡಿಸೇನಿ.

ಕಡೀಕ ಒಂದು ಮುಂಜಾನೆ ಬ್ರಿಜ್ ಮ್ಯಾಲ ಕಣ್ಣಿಗೆ ಕತ್ತಲಿ ಬಂದು ಬಿದ್ನಿ. ಕೆಳಗ ಮೀನ ಹಿಡಿಯಾವ್ರು ಓಡಿ ಬಂದು ಎತ್ತಿದ್ರು. ಅವರೊಳಗ ಒಬ್ಬಾತ, "ನಿನ್ನೆ ಬಲಿಗೆ ಬಿದ್ದ ಮೀನ ಇಕಿಗಿಂತ ವಜ್ಜ ಇತ್ತಲ್ಲೋ" ಅಂದ. ಅರ್ಧ ಎಚ್ಚರ ಇದ್ದ ನನಗ ಆ ಮಾತು ಪ್ರಶಸ್ತಿ ಕೊಟ್ಟಂಗ ಅನಸ್ತು. ನೋಡ್ರಿ, ರೋಗ ಅಂದ್ರ ಇದ. ಮೊಣಕಾಲ ಒಡದು ರಕ್ತ ಸೋರಾಕತ್ತೈತಿ, ಹುಡುಗಿಗೆ ಮೀನ ಸೋಲಿಸಿದ ಖುಷಿ.

ವಿಜಾಪುರದ ದವಾಖಾನ್ಯಾಗ ಡಾಕ್ಟರ್ ಮೇಡಂ ನನ್ನ ಕೈ ಹಿಡಿದು ನಾಡಿ ನೋಡಿದ್ರು. ಭಾಳ ಹೊತ್ತು ಹಿಡಿದ್ರು. ನನ್ನ ಎದಿ, ಪಂಚಾಯ್ತಿ ನಳ ನೀರು ಬಿಟ್ಟಂಗ ಯಾವಾಗರೆ ಒಮ್ಮೆ ಬಡೀತಿತ್ತಂತ.

"ಸೈಕಲ್ ಯಾವಾಗ ಹೊಡೀಬಹುದ್ರಿ?" ಅಂತ ಕೇಳಿದ್ನಿ.

"ನಿನ್ನ ಹೃದಯ ರಾಜೀನಾಮೆ ಬರಿಯಾಕ ಪೆನ್ ಹುಡಕಾಕತ್ತೈತಿ. ನೀ ಸೈಕಲ್ ಕೇಳ್ತೀ?"

"ರೇಸ್ ಐತ್ರಿ."

"ಇವತ್ತಿನಿಂದ ಸೈಕಲ್ ಬಂದ್. ಉಣ್ಣೂದ ನಿನ್ನ ನೌಕರಿ. ಅದನ್ನ ನೆಟ್ಟಗ ಮಾಡಿದ್ರ ಸೈಕಲ್ ವಾಪಸ್ ಕೊಡ್ತೇನಿ. ಇಲ್ಲಾಂದ್ರ ಜೀವ ಉಳಿಯೂದ ಗ್ಯಾರಂಟಿ ಇಲ್ಲ. ನಾ ಅಂಜಿಸಾಕತ್ತಿಲ್ಲ, ಲೆಕ್ಕ ಹೇಳಾಕತ್ತೇನಿ."

ನಮ್ಮವ್ವ ಮೂಲ್ಯಾಗ ನಿಂತು ಸೆರಗ ಬಾಯಾಗ ಇಟ್ಕೊಂಡಿದ್ಳು. ಆಗ ನನಗ ಮೊದಲನೇ ಸಲ ಅಂಜಿಕಿ ಬಂತು. ಆದ್ರ ಆ ಅಂಜಿಕಿನೂ ಸೈಕಲ್ ಹ್ವಾದೀತು ಅಂತಿತ್ತು, ಜೀವ ಹ್ವಾದೀತು ಅಂತಲ್ಲ. ಶಾಣ್ಯಾಕಿ ನಾ.

ಕೆಲವು ದಿನ ದವಾಖಾನ್ಯಾಗ ಇಟ್ಕೊಂಡು, ಆಮ್ಯಾಲ ಮನಿಗೆ ಕಳಿಸಿದ್ರು. ಮನಿಗೆ ಬಂದು ನೋಡಿದ್ರ ನನ್ನ ಸೈಕಲ್ ಪಡಸಾಲಿ ತೊಲಿಗೆ ತಲಿಕೆಳಗಾಗಿ ಜೋತು ಬಿದ್ದೈತಿ. ನಮ್ಮ ಈರಣ್ಣ ಕಾಕಾ, ಅಂದ್ರ ಅಪ್ಪನ ತಮ್ಮ, ಪಂಪಿನ ಹಗ್ಗ ಹಾಕಿ ಬಿಗಿದಿದ್ದ. ಸರಿಯಾಗಿ ಅದರ ಕೆಳಗ ನನ್ನ ಊಟದ ಮಣಿ. ತಲಿ ಎತ್ತಿದ್ರ ಚಕ್ರ, ತಲಿ ಬಗ್ಗಿಸಿದ್ರ ರೊಟ್ಟಿ. ಸರ್ಕಾರಿ ಆಫೀಸಿನಾಗ ಗ್ವಾಡಿಗೆ ದೊಡ್ಡವರ ಫೋಟೋ ಹಾಕಿರ್ತಾರಲ್ಲ, ಹಂಗ ನನ್ನ ಆಫೀಸಿನಾಗ ಸೈಕಲ್.

ಮ್ಯಾಲಿನ ಅಧಿಕಾರಿಗಳು ವಿಜಾಪುರದಾಗ ಮೂರು ಮಂದಿ. ಎದಿ ನೋಡಾಕ ಡಾಕ್ಟರ್ ಮೇಡಂ, ತಾಟು ನೋಡಾಕ ಊಟದ ಮೇಡಂ, ತಲ್ಯಾಗಿನ ಹಳೇ ಸಾಹೇಬನ ಕೂಡ ಜಗಳ ಆಡಾಕ ಮಾತಿನ ಮೇಡಂ. ಅವರೆಲ್ಲಾ ದೂರ ಇದ್ರು. ಜಾಗಾದ ಮ್ಯಾಲ ನಿಂತು ಕೆಲಸ ತಗೊಳ್ಳಾಕಿ ನಮ್ಮ ಆಯಿ, ಅಪ್ಪನ ಅವ್ವ. ಕಬ್ಬ ಕಡಿಯೂ ಗ್ಯಾಂಗಿಗೆ ಒಬ್ಬ ಮುಕಾದಮ್ ಇರ್ತಾನಲ್ಲ, ತಾ ಕುಡಗೋಲು ಮುಟ್ಟಂಗಿಲ್ಲ, ನೆಳ್ಳಿಗೆ ನಿಂತು ಬರೇ ಕಣ್ಣಿಲೆ ಕಡೀತಾನ. ಆಯಿ ಅಂಥಾ ಮುಕಾದಮ್. ಗ್ವಾಡಿ ಗಡಿಯಾರ ಇಳಿಸಿ ತಂದು ಜ್ವಾಳದ ಡಬ್ಬಿ ಮ್ಯಾಲ ಇಟ್ಕೊಂಡು, ನನ್ನ ಎದುರಿಗೆ ಕುಂದರ್ತಿದ್ಳು. "ಅರ್ಧ ತಾಸು. ತಾಟು ಖಾಲಿ ಆಗಬೇಕು" ಅಂತ ಊಟದ ಮೇಡಂ ಹೇಳಿದ್ದು. ಆಯಿ ಬಾಯಿಗೆ ಬಂದಾಗ ಅದು ಕೋರ್ಟಿನ ತೀರ್ಪು ಆಗಿತ್ತು.

ಮೊದಲನೇ ದಿನ ನಾ ರೊಟ್ಟಿ ಹರದು, ಹರದದ್ದನ್ನ ಮತ್ತ ಹರದು, ತಾಟಿನ ತುಂಬ ಹರವಿ ಕುಂತ್ನಿ.

"ಇದೇನ? ಇರಬಿ ಮದವಿಗೆ ಅಡಗಿ ಮಾಡಾಕತ್ತಿ?" ಅಂದ್ಳು ಆಯಿ.

"ಸಣ್ಣ ತುತ್ತು ಚಲೋ ಪಚನ ಆಗ್ತಾವ ಆಯಿ."

"ಹೌದೇನ. ಮತ್ತ ಇರಬಿ ಯಾಕ ಇನ್ನೂ ಹಂಗ ಅದಾವ?"

"ನೀ ಉಂಡಿಯೇನ?" ಅಂತ ಮಾತು ತಿರುಗಿಸಿದ್ನಿ.

"ನಂದು ಆಗೇತಿ. ನೀ ಉಣ್ಣು."

ಮನ್ಯಾಗ ಎಲ್ಲಾರೂ ನನ್ನ ಕೂಡ ಕುಂತು ಉಣ್ಣಬೇಕು ಅನ್ನೂದು ಮೇಡಂ ಅವರ ಇನ್ನೊಂದು ಕಾನೂನು. ಅಪ್ಪ, ಅವ್ವ, ಕಾಕಾ ಎಲ್ಲಾ ಸಾಲಾಗಿ ಕುಂದರ್ತಿದ್ರು. ಆಯಿ ಮಾತ್ರ ಗಡಿಯಾರದ ಹಿಂದ. ಮುಕಾದಮ್ ಯಾವತ್ತರೆ ಗ್ಯಾಂಗಿನ ಕೂಡ ಕಬ್ಬ ಕಡಿದಾನೇನು ಅಂತ ನಾವೂ ಸುಮ್ಮನಿದ್ವಿ.

ಈಗ ಕೆಲಸದ ಪದ್ಧತಿ ಸುದ್ದಿ. ಹೊಸಬರು ಇಲ್ಲಿ ಕಿವಿ ಕೊಡ್ರಿ. ಈ ನೌಕರಿಯೊಳಗ ಅತೀ ದೊಡ್ಡ ಅಪಘಾತ ಪ್ರೀತಿಯಿಂದ ಆಗತೈತಿ. ನಾ ಮನಿಗೆ ಬಂದ ದಿನ ಕಾಕಾ ಖುಷಿಲೆ ಶೇಂಗಾ ಹೋಳಿಗಿ ಮಾಡಿಸಿ, ಮ್ಯಾಲ ತುಪ್ಪದ ಕೆರಿ ಕಟ್ಟಿ, "ತಿನ್ನವಾ, ನಾಳಿಗೆ ಸಿಂದಗಿ ಪೈಲ್ವಾನರ ಕೂಡ ಕುಸ್ತಿ ಹಿಡಿಸ್ತೇನಿ" ಅಂದ. ನನಗೂ ಸೈಕಲ್ ಲಗೂ ಇಳೀಲಿ ಅಂತ ಆಸೆ. ಕಣ್ಣ ಮುಚ್ಚಿ ಹೊಡದ್ನಿ. ಆ ಸಂಜಿಕ ನನ್ನ ಹೊಟ್ಟಿ ಮಾಡಿದ ಸಪ್ಪಳಕ್ಕ ಆಲಮಟ್ಟಿ ಗೇಟ್ ತಗದ್ರು ಅಂತ ಓಣಿ ಮಂದಿ ಸಾಮಾನ ಕಟ್ಟಿದ್ರು. ಕಾಲು ಬಾತು ಚಪ್ಪಲಿ ಹಿಡೀಲಿಲ್ಲ. ಮತ್ತ ವಿಜಾಪುರಕ್ಕ ಓಡಿದ್ವಿ.

ಡಾಕ್ಟರ್ ಮೇಡಂ ನನಗ ಬಯ್ಯಲಿಲ್ಲ, ಕಾಕಾನ ಕಡಿ ತಿರುಗಿದ್ರು. "ಹೊಲ ಏನೈತ್ರಿ ನಿಮ್ಮದು?"

"ನೀರಾವರಿರಿ. ಕಾಲವಿ ನೀರು."

"ಭಾಳ ದಿನ ಒಣಗಿ ಬಿರುಕು ಬಿಟ್ಟ ಹೊಲಕ್ಕ ಕಾಲವಿ ಪೂರಾ ಒಮ್ಮೆಲೆ ತಗೀತೀರೇನು?"

"ಛೆ ಛೆ. ಒಡ್ಡು ಒಡೀತಾವ್ರಿ, ಮಣ್ಣು ಕೊಚ್ಕೊಂಡು ಹೋಗತೈತಿ."

"ಇಕಿ ಹೊಟ್ಟೀನೂ ಅಂಥಾ ಹೊಲ. ಹಸದ ಮೈಗೆ ಒಮ್ಮೆಲೆ ತುಂಬಿದ್ರ ಜೀವಕ್ಕ ಅಪಾಯ. ಮೊದಲ ಹನಿ ನೀರಾವರಿ. ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಏರಿಸ್ಕೊಂತ ಹೋಗಬೇಕು."

ನನಗ ಎಷ್ಟು ತಿಳೀತೋ ಬಿಟ್ಟೀತೋ, ಕಾಕಾಗ ಎಲ್ಲಾ ತಿಳೀತು. ಅವತ್ತಿನಿಂದ ಅವ ನನ್ನ ಹೊಟ್ಟಿಗೆ ನೀರಗಂಟಿ ಆದ. ಮುಂಜಾನೆ ಎದ್ದ ಕೂಡಲೆ ಹಾಲು. ಆಮ್ಯಾಲ ನ್ಯಾರಿಗೆ ಚುರಮರಿ ಸುಸಲಾ, ಮ್ಯಾಲ ಪುಟಾಣಿ ಪುಡಿ. ನಡುವ ಒಂದು ಬಾಳೆಹಣ್ಣು. ಮಧ್ಯಾಹ್ನ ರೊಟ್ಟಿ, ಬ್ಯಾಳಿ, ಪಲ್ಯ, ಗಟ್ಟಿ ಮೊಸರ, ಎಣ್ಣಿ ಹಾಕಿದ ಶೇಂಗಾ ಹಿಂಡಿ. ಸಂಜಿಕ ಶೇಂಗಾ ಉಂಡಿ. ರಾತ್ರಿ ಮತ್ತ ಊಟ, ಮಲಗೂ ಮುಂದ ಮತ್ತ ಹಾಲು. ಹಸಿವಿ ಬಂದ್ರ ಉಣ್ಣೂದಲ್ಲ, ಹೊತ್ತು ಬಂದ್ರ ಉಣ್ಣೂದು. ಯಾಕಂದ್ರ ಹಸಿವಿಯನ್ನ ಹಳೇ ಸಾಹೇಬ ಎಂದೋ ಅಮಾನತ್ತಿನಾಗ ಇಟ್ಟಿದ್ದ. ಇಂಡಿ ನಿಂಬಿಕಾಯಿ ಉಪ್ಪಿನಕಾಯಿ ನೆಕ್ಕಿಸಿದ್ರ ಹಸಿವಿ ಓಡಿ ಬರತೈತಿ ಅಂತ ಆಯಿ ಒಂದು ಭರಣಿನ ತರಿಸಿದ್ಳು. ಹಸಿವಿ ಬರಲಿಲ್ಲ, ಭರಣಿ ಮಾತ್ರ ಖಾಲಿ ಆತು. ಕಾಕಾ ತಿಂದಿದ್ದ.

ಮುದ್ದೇಬಿಹಾಳ ಸಂತಿಯಿಂದ ಅವ ಒಂದು ಪುಡಿ ಡಬ್ಬಿನೂ ತಂದಿದ್ದ, ದಪ್ಪ ಆಗೂ ಪುಡಿ. ಅದರ ಮ್ಯಾಲ ಒಬ್ಬ ಮನಷ್ಯಾ ಇದ್ದ. ಅವಗ ಭುಜ ಅದಾವ, ತಲಿ ಐತಿ, ಕುತ್ತಿಗಿ ಎಲ್ಲಿ ಹೋತು ಅಂತ ಇವತ್ತಿಗೂ ಪತ್ತೆ ಇಲ್ಲ. ಊಟದ ಮೇಡಂ ನೋಡಿದವ್ರ, "ಇದು ಬ್ಯಾಡ. ಮನಿ ಅಡಗಿ ಸಾಕು, ಹೆಚ್ಚಿಗೆ ಬೇಕಂದ್ರ ನಾ ಹೇಳ್ತೇನಿ" ಅಂದ್ರು. ಈಗ ಆ ಡಬ್ಬ್ಯಾಗ ಹುಣಸಿಹಣ್ಣು ಐತಿ. ಕುತ್ತಿಗಿ ಇಲ್ಲದಾವ ನಮ್ಮ ಅಡಗಿಮನ್ಯಾಗ ಹುಣಸಿ ಕಾಯಾಕ ನೌಕರಿ ಹಿಡದಾನ.

ಇನ್ನೊಂದು ಗುಟ್ಟು. ಹೋದ ಮೈ ವಾಪಸ್ ಬರೂವಾಗ ನೆಟ್ಟಗ ಬರಂಗಿಲ್ಲ. ಪಂಚಾಯ್ತಿಗೆ ಗ್ರಾಂಟ್ ಬಂದಂಗ, ಮೊದಲ ಅಧ್ಯಕ್ಷರ ಮನಿ ಮುಂದ ರಸ್ತೆ ಆಗತೈತಿ, ಹಿಂದಿನ ಓಣಿಗೆ ಕಡೀಕ. ನನಗೂ ಮೊದಲ ಹೊಟ್ಟಿ, ಗಲ್ಲ. ಕೈ ಕಾಲು ಹಂಗ ಕಡ್ಡಿ. ಕನ್ನಡಿ ಮುಂದ ನಿಂತ್ರ ಜ್ವಾಳದ ದಂಟಿನ ಮ್ಯಾಲ ಕುಂಬಳಕಾಯಿ ಇಟ್ಟಂಗ ಕಾಣ್ತಿದ್ನಿ. "ಹಿಂಗ ಆಗತೈತಿ, ಮುಂದ ತಾನ ಹಂಚಿಕೊಳ್ತೈತಿ. ತಡಕೋ" ಅಂದ್ರು ಮೇಡಂ. ತಡಕೊಂಡ್ನಿ. ಅದರೊಳಗ ಸುಳ್ಳಿಲ್ಲ, ಹಂಚಿಕೊಂತು.

ತೂಕ ನೋಡೂದೂ ಒಂದು ಪದ್ಧತಿ. ದವಾಖಾನ್ಯಾಗ ಮಷೀನಿಗೆ ಬೆನ್ನು ಕೊಟ್ಟು ನಿಂದರಬೇಕು, ಹೊಸಾ ಸೊಸಿ ಮಾವನ ಮುಂದ ನಿಂತಂಗ. ಅಂಕಿ ಮೇಡಂ ಒಬ್ಬರಿಗೇ. ಅವ್ವಗೂ ಹೇಳಂಗಿಲ್ಲ. ಅಂಕಿ ಅಂದ್ರ ಹಳೇ ಸಾಹೇಬನ ಕೈಯಾಗಿನ ಬಾರಕೋಲು. ಅದು ಅವನ ಕೈಗೆ ಸಿಕ್ರ ಮತ್ತ ಹೊಡಿಯಾಕ ಚಾಲೂ ಮಾಡ್ತಾನ, ಸಿಗಲಿಲ್ಲಂದ್ರ ಬಾಯಿಲೆ ಒದರ್ಕೊಂತ ಹೋಗ್ತಾನ. ನಾ ಮಷೀನಿಗೆ ಬೆನ್ನು ಕೊಟ್ಟು ಗ್ವಾಡಿ ಮ್ಯಾಲಿನ ಹಲ್ಲಿ ನೋಡ್ತಿದ್ನಿ. ಆ ಹಲ್ಲಿನೂ ದಿನದಿಂದ ದಿನಕ್ಕ ದಪ್ಪ ಆಗಾಕತ್ತಿತ್ತು. ಅದಕ ಯಾರೂ ಏನೂ ಅನ್ನಲಿಲ್ಲ.

ನನಗ ಮಾತ್ರ ಅಂದ್ರು. ಬಾಜೂ ಮನಿ ನೀಲವ್ವ ಒಂದಿನ ಎಮ್ಮಿ ಹಿಡ್ಕೊಂಡು ಹೊಂಟಾಕಿ ನಿಂತು, ಮ್ಯಾಲಿಂದ ಕೆಳಗ ನೋಡಿ, "ಬಲು ದುಂಡಗ ಆದಿ ಬಿಡವಾ. ಗುರುತ ಸಿಗವಲ್ಲಿ" ಅಂದ್ಳು. ಪಾಪ, ಹೊಗಳಾಕ ಅಂತನ ಅಂದಿದ್ಳು ಆಕಿ. ನಮ್ಮ ಕಡಿ ದುಂಡಗ ಅಂದ್ರ ಚಂದ. ನನ್ನ ತಲ್ಯಾಗ ಮಾತ್ರ ಹಳೇ ಸಾಹೇಬ ಕುರ್ಚಿ ಎಳಕೊಂಡು ಕುಂತ. ಮಧ್ಯಾಹ್ನ ತಾಟು ಮುಂದ ಬಂತು, ಕೈ ಏಳಲಿಲ್ಲ.

"ನಂದು ಆಗೇತಿ" ಅಂದ್ನಿ.

ಆಯಿ ನನ್ನ ಮಾರಿ ನೋಡಿದ್ಳು. ಗಡಿಯಾರ ನೋಡಿದ್ಳು. ಆಮ್ಯಾಲ ಅದನ್ನ ತಿರುಗಿಸಿ, ಮಾರಿ ಗ್ವಾಡಿ ಕಡಿ ಮಾಡಿ ಇಟ್ಳು.

"ಮೈ ಕೂಡ ಜಗಳ ಇದ್ರ ನಾಳಿ ಆಡು ಯವ್ವಾ. ಈ ತುತ್ತಿನ ಕೂಡ ಏನ್ ಜಗಳ ಐತಿ? ಇದೇನ್ ಮಾಡೇತಿ ನಿನಗ?"

ನಾ ಅತ್ನಿ. ಅತ್ಕೊಂತ ಒಂದು ತುತ್ತು. ಆಯಿ ಎಳೆ ಸವತಿಕಾಯಿ ಹೆಚ್ಚಿ ಹೆಚ್ಚಿ ನನ್ನ ತಾಟಿಗೆ ಹಾಕಿದ್ಳು, ನಡುವ ತನ್ನ ಮದವಿ ದಿನ ಎತ್ತು ಬೆದರಿ ಗಾಡಿ ಹಳ್ಳಕ್ಕ ಬಿದ್ದ ಕತಿ ಹೇಳಿದ್ಳು. ಆ ಊಟ ಮುಗಿಯೂದರಾಗ ನೆಳ್ಳು ಹೊಸ್ತಿಲ ದಾಟಿತ್ತು. ಆದ್ರ ಮುಗೀತು. ಸಂಜಿಕ ಆಯಿ ನೀಲವ್ವನ ಅಂಗಳದಾಗ ನಿಂತದ್ದು ನಮ್ಮ ಪಡಸಾಲಿಗೆ ಕೇಳಸ್ತು: "ನೀಲವ್ವಾ, ನಮ್ಮ ಹುಡುಗಿ ಮೈ ಸುದ್ದಿ ಬಿಡು. ದಪ್ಪ ಅಂತನೂ ಬ್ಯಾಡ, ತೆಳ್ಳಗ ಅಂತನೂ ಬ್ಯಾಡ. ಅಷ್ಟ ಮಾತಾಡಬೇಕು ಅನಸಿದ್ರ ನಿನ್ನ ಎಮ್ಮಿ ಸುದ್ದಿ ಮಾತಾಡು, ಅದು ಹಾಲಿಗೆ ನೀರು ತಾನ ಹಾಕಿ ಹಿಂಡಸ್ಕೊಳ್ತೈತಂತಲ್ಲ."

ಹೊಸಬರಿಗೆ ಒಂದು ಮಾತು. ಇಂಥಾ ಮುಕಾದಮ್ ಎಲ್ಲಾರಿಗೂ ಸಿಗಂಗಿಲ್ಲ. ಸಿಗಲಿಲ್ಲಂದ್ರ ಹುಡುಕ್ರಿ. ಒಬ್ಬರ ಕೈಲೆ ಈ ನೌಕರಿ ಆಗಂಗಿಲ್ಲ, ನಾ ಎಷ್ಟ ಬಡಾಯಿ ಕೊಚ್ಚಿದ್ರೂ ಅಷ್ಟ ಖರೇ. ಮೊದಲ ಡಾಕ್ಟರ್ ಕಡಿ ಹೋಗ್ರಿ, ಆಮ್ಯಾಲ ಆಯಿ ಕಡಿ. ಕಾಕಾನ ಕಡಿ ಕಡೀಕ.

ಹಿಂಗ ಕಾಲವಿ ಸ್ವಲ್ಪ ಸ್ವಲ್ಪ ತಗದ್ರು. ಕೈ ಬೆಚ್ಚಗಾದ್ವು. ತಿಂಗಳದ್ದು ನಿಂತಿದ್ದು ಮತ್ತ ಚಾಲೂ ಆತು. ಹಣಗ್ಯಾಗ ಕೂದಲ ಬರೂದು ಕಡಿಮಿ ಆತು. ಒಂದಿನ ಸಾಲ್ಯಾಗ ಪಾಠ ಕೇಳ್ಕೊಂತ ಕುಂತಾಗ ಹೊಟ್ಟಿ ಗುರ್ ಅಂತು. ಹಸಿವಿ. ಅಮಾನತ್ತಿನಿಂದ ಡ್ಯೂಟಿಗೆ ವಾಪಸ್ ಬಂದಿತ್ತು. ಬಾಜೂ ಗೆಳತಿಗೆ, "ಏ, ಕೇಳಿದಿಯೇನ?" ಅಂದ್ನಿ. "ಥೂ, ಸುಮ್ಮನ ಕುಂದರ" ಅಂದ್ಳು ಆಕಿ. ಆಕಿಗೇನ್ ಗೊತ್ತು.

ಮೇಡಂ ಹೂಂ ಅಂದ ಮ್ಯಾಲ ಕಾಕಾ ಹಗ್ಗ ಬಿಚ್ಚಿದ. ಮೊದಲ ಬರೇ ಧೂಳ ಒರಸಾಕ, ಆಮ್ಯಾಲ ಓಣಿ ತನಕ, ಆಮ್ಯಾಲ ಮುಳವಾಡ ತನಕ. ಹೊಂಡೂ ಮುಂದ ಒಂದು ಶೇಂಗಾ ಉಂಡಿ, ಬಂದ ಮ್ಯಾಲ ಇನ್ನೊಂದು. ಎಣ್ಣಿ ಹಾಕದ ಗಾಡಿ ಓಡಿಸಬಾರದು ಅಂತ ಕಾಕಾನ ಕಾನೂನು. ಅದರ ನಂತರ ಬಂತು ನನ್ನ ರಿಟೈರ್ಮೆಂಟು, ಆ ಕಬ್ಬಿನ ಹಾಲು.

ಕತಿ ಇಲ್ಲಿಗೆ ಮುಗಿದಿದ್ರ ನಾ ಆರಾಮ ಇರ್ತಿದ್ನಿ. ಆದ್ರ ಮನಿಗೆ ಬಂದ ಕೂಡಲೆ ಆಯಿ ಗುಡ್ಡ ಏರಿ ಇಳದಾಕಿ ಹಂಗ ಉಸರು ಬಿಟ್ಟು, "ಇನ್ನ ನನ್ನ ಹರಕಿ ತೀರಸ್ತೇನಿ" ಅಂದ್ಳು.

ನಾ ಬ್ರಿಜ್ ಮ್ಯಾಲ ಬಿದ್ದ ದಿನ ಆಯಿ ಮಠಕ್ಕ ಹೋಗಿ ಹರಕಿ ಹೊತ್ತಿದ್ಳಂತ. ಹುಡುಗಿ ಉಳಕೊಂಡು ಮೈ ಹಿಡದ್ರ, ತಕ್ಕಡ್ಯಾಗ ಕುಂದರಿಸಿ, ಆಕಿ ತೂಕದ ಬೆಲ್ಲ ದಾಸೋಹಕ್ಕ ಕೊಡ್ತೇನಿ ಅಂತ. ತುಲಾಭಾರ. ಎಲ್ಲಾರ ಮುಂದ. ಬೆಲ್ಲದ ಪೆಂಟಿ ಒಂದೊಂದೂ ಒಂದ ತೂಕದ್ದು. ಪೆಂಟಿ ಎಣಸಿದ್ರ ಮುಗೀತು, ಮೂರನೇತ್ತಾ ಓದೂ ಹುಡುಗ ಸುದ್ದಾ ನನ್ನ ತೂಕ ಹೇಳ್ತಾನ.

"ಆಯಿ, ಅಂಕಿ ಕೇಳಬಾರದು ಅಂದಾರ ಮೇಡಂ. ಕೇಳಿದ್ನಿ ಅಂದ್ರ ಅದು ತಲ್ಯಾಗ ಕುಂದರತೈತಿ. ಮತ್ತ ಮೊದಲಿನಂಗ ಆದೀತು."

"ದೇವರ ಅಂಕಿ ಕೇಳಂಗಿಲ್ಲವಾ. ಬೆಲ್ಲ ಕೇಳ್ತಾನ."

"ಪೆಂಟಿ ಇಡಾಂವ ಈರಣ್ಣ ಕಾಕಾ. ಅವ ಎಣಸದ ಇರ್ತಾನೇನು?"

"ಕಿವಿ ಮುಚ್ಚಿಕೋ."

"ಕಾಕಾನ ದನಿಗೆ?"

ಪಂಪಸೆಟ್ ಚಾಲೂ ಇದ್ರೂ ಕಾಕಾನ ದನಿ ಕೃಷ್ಣಾ ನದಿ ಆಚಿ ದಂಡಿಗೆ ಕೇಳಸ್ತೈತಿ ಅನ್ನೂದು ಆಯಿಗೂ ಗೊತ್ತು. "ಹರಕಿ ಹೊತ್ತು ತೀರಸದ ಇದ್ರ ಹೆಂಗವಾ" ಅಂದ್ಳು, ಸಣ್ಣ ದನಿಲೆ. ಆ ದನಿ ಕೇಳಿ ನಾ ಸೋತ್ನಿ. ಅಷ್ಟು ದಿನ ನನ್ನ ಮುಂದ ಗಡಿಯಾರ ಇಟ್ಕೊಂಡು ಕುಂತಾಕಿ. ಒಂದು ಬೆಲ್ಲದ ಹರಕಿ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ.

ಮಠದಾಗ ತಕ್ಕಡಿ ಕಟ್ಟಿದ್ರು. ಅಡ್ಡತೊಲಿ, ಎರಡು ದೊಡ್ಡ ಪರಡಿ, ಸರಪಳಿ. ಓಣಿ ಮಂದಿ ಎಲ್ಲಾ ಬಂದಿದ್ರು. ನೀಲವ್ವ ಎಮ್ಮಿ ಬಿಟ್ಟು ಬಂದಿದ್ಳು, ಅಷ್ಟ ಪುಣ್ಯ. ನಮ್ಮ ಮಠದ ಸ್ವಾಮಿಗಳಿಗೆ ಎಲ್ಲಾರೂ ಅಜ್ಜಾರು ಅಂತೇವಿ, ಅವರು ಕಟ್ಟಿ ಮ್ಯಾಲ ಕುಂತಿದ್ರು. ನಾ ರೇಶ್ಮಿ ಲಂಗ ಉಟ್ಕೊಂಡು ಒಂದು ಪರಡ್ಯಾಗ ಕುಂತು ಸರಪಳಿ ಹಿಡಕೊಂಡ್ನಿ. ರೇಸಿನ್ಯಾಗ ಗೆರಿ ಮ್ಯಾಲ ನಿಂತಾಗನೂ ಎದಿ ಹಂಗ ಬಡದಿರಲಿಲ್ಲ.

ಕಾಕಾ ಮೊದಲನೇ ಪೆಂಟಿ ಎತ್ತಿ ಆ ಕಡಿ ಇಟ್ಟು ಒದರಿದ, "ಲಾಭ." ನಮ್ಮ ಕಡಿ ಎಣಸೂವಾಗ ಒಂದು ಅನ್ನಂಗಿಲ್ಲ, ಲಾಭ ಅಂತಾರ. ಆಮ್ಯಾಲ "ಎರಡ." ಮಂದಿ ಎಲ್ಲಾ ಬಾಯಾಗ ಅವನ ಕೂಡ ಎಣಸಾಕತ್ರು. ನನ್ನ ತಲ್ಯಾಗ ಭಾಳ ದಿನದ ಮ್ಯಾಲ ಹಳೇ ಸಾಹೇಬ ಚಾಳೀಸ ಹಾಕ್ಕೊಂಡು, ಪೆನ್ನಿನ ಟೋಪಿ ತಗದು ಕುಂತ. "ಮೂರ" ಅಂತ ಕೇಳಸ್ತು. ತೊಲಿಗೆ ತೂಗು ಬಿದ್ದ ಸೈಕಲ್ ಕಣ್ಣ ಮುಂದ ಬಂತು.

ಆಯಿ ನನ್ನ ಮಾರಿ ನೋಡಾಕತ್ತಿದ್ಳು. ನೀಲವ್ವ ದುಂಡಗ ಅಂದ ದಿನ ನೋಡಿದ್ಳಲ್ಲ, ಹಂಗ.

"ತಡಿಯೋ ಈರಣ್ಣ" ಅಂದ್ಳು. ಚಪ್ಪಲಿ ಬಿಟ್ಳು. ಸೀರಿ ನಿರಗಿ ಎತ್ತಿ ಹಿಡಕೊಂಡು ಬಂದು ನನ್ನ ಪರಡ್ಯಾಗ ಏರಿ, ನನ್ನ ತೊಡಿ ಮ್ಯಾಲ ಕುಂತಬಿಟ್ಳು.

"ಯವ್ವಾ, ಇದೇನ ಮಾಡ್ತಿ? ಎಣಿಕಿ ತಪ್ಪತೈತಿ" ಅಂದ ಕಾಕಾ.

"ತಪ್ಪಲಿ. ನೀ ಇಡು."

ಅಜ್ಜಾರು ನಕ್ಕೊಂತ, "ಹರಕಿ ಹುಡುಗಿದಲ್ಲೇನ ಬಾಯವ್ವಾ? ನಿಂದ್ಯಾಕ ತೂಕ?" ಅಂದ್ರು.

"ಹುಡುಗಿದ ಖರೇರಿ ಅಜ್ಜಾರ. ಹೊತ್ತಾಕಿ ನಾ ಅಲ್ಲೇನ್ರಿ? ಹೊತ್ತಾಕಿನ್ನ ಬಿಟ್ಟು ಹೊರಿ ಹೆಂಗ ತೂಗ್ತೀರಿ?"

ಅಜ್ಜಾರು ಭಾಳ ಹೊತ್ತು ನಕ್ರು. "ಇಡೋ ಈರಣ್ಣ" ಅಂದ್ರು. ಇಬ್ಬರ ತೂಕದಾಗ ಯಾರದು ಎಷ್ಟು ಅಂತ ಈಗ ದೇವರಿಗೂ ಬಿಡಸಾಕ ಬರಂಗಿಲ್ಲ. ಹಳೇ ಸಾಹೇಬ ಪೆನ್ನಿಗೆ ಟೋಪಿ ಹಾಕ್ಕೊಂಡ. ಇದರ ಐಡಿಯಾ ನಂದು ಅಂತ ನಾ ಸಾಲಿ ತುಂಬ ಹೇಳೇನಿ, ನೀವೂ ಹಂಗ ಹೇಳ್ರಿ.

ಕಾಕಾ ಗಾಬರಿ ಆಗಿ, ಎರಡು ಜನದ ಬೆಲ್ಲ ಎಲ್ಲಿಂದ ತರಲಿ ಅಂತ ಅಪ್ಪನ್ನ ಅಂಗಡಿಗೆ ಓಡಿಸಿದ. ಅಪ್ಪ ಗೇಟ್ ದಾಟಿದ್ದಿಲ್ಲ, ಸಾಲದಾದೀತು ಅಂತ ಹೆಚ್ಚಿಗೆ ತಂದಿಟ್ಟಿದ್ದ ಬೆಲ್ಲಕ್ಕ ತಕ್ಕಡಿ ಸಮ ಆಗಿ ನಿಂತಿತು. "ಈರಣ್ಣ, ನಿಮ್ಮವ್ವ ಹತ್ತಿ ಕುಂತ ಸುದ್ದಿ ತಕ್ಕಡಿಗೆ ಮುಟ್ಟೇ ಇಲ್ಲಲ್ಲೋ" ಅಂದ್ರು ಅಜ್ಜಾರು. ಮಂದಿ ಎಲ್ಲಾ ನಕ್ರು.

ನಾ ನಗಲಿಲ್ಲ. ಆಯಿ ನನ್ನ ತೊಡಿ ಮ್ಯಾಲ ಇದ್ಳಲ್ಲ, ನನಗ ಗೊತ್ತಾಗಿತ್ತು. ಸಂತಿಯಿಂದ ವಾಪಸ್ ಬರೂ ಖಾಲಿ ಚೀಲ ಆಗಿದ್ಳು. ಸೀರಿ ಒಳಗ ಎಲುಬು ಬಿಟ್ರ ಏನೂ ಕೈಗೆ ಹತ್ತಲಿಲ್ಲ. ಆ ಎಲುಬು ನನಗ ಚಲೋ ಪರಿಚಯ ಇದ್ವು.

"ಆಯಿ," ಕಿವ್ಯಾಗ ಅಂದ್ನಿ, "ರಾತ್ರಿ ಉಣ್ಣತೀಯೋ ಇಲ್ಲೋ?"

"ನಂದು ಆಗೇತಿ."

"ಇವತ್ತಿಂದು ಕೇಳಲಿಲ್ಲ. ದಿನಾ."

ಆಯಿ ಸರಪಳಿ ನೋಡಿದ್ಳು. "ಒಪ್ಪತ್ತು ಹಿಡದಿದ್ನಿ ಯವ್ವಾ. ದಿನಕ್ಕ ಒಂದ ಹೊತ್ತು ಊಟ. ನೀ ಉಣ್ಣಲಿ ಅಂತ."

"ಯಾವಾಗಿಂದ?"

"ನೀ ಬಿದ್ದಿದ್ದಿ ನೋಡು, ಅವತ್ತಿಂದ."

"ಈಗ ಹರಕಿ ತೀರ್ತಲ್ಲ. ಇನ್ನ ಉಣ್ಣು."

"ರೂಢಿ ಆಗೇತಿ ಬಿಡು. ಹಸಿವಿನ ಆಗಂಗಿಲ್ಲ ಈಗ."

ತಾಲೂಕಿಗೆ ದೊಡ್ಡ ಎಕ್ಸಪರ್ಟ್ ನಾ. 'ನಂದು ಆಗೇತಿ' ಅನ್ನೂದರ ಕಾರಖಾನಿ ಇಟ್ಟಾಕಿ ನಾ. ಅದ ಮಾಲು ಆಯಿ ದಿನಾ ನನ್ನ ಎದುರಿಗೆ, ಗಡಿಯಾರದ ಹಿಂದಿಂದ, ನನಗ ಮಾರ್ಯಾಳ. ನಾ ತಗೊಂಡೇನಿ. ಮೊಮ್ಮಗಳು ಉಣ್ಣಲಿ ಅಂತ ಉಪವಾಸ ಇರೂ ಹಿರ್ಯಾರು ಜಗತ್ತಿನ್ಯಾಗ ಮತ್ತೆಲ್ಲಿ ಸಿಗ್ತಾರೋ ಗೊತ್ತಿಲ್ಲ, ನಮ್ಮ ಕಡಿ ಓಣಿಗೊಬ್ರು ಅದಾರ.

ಮಠದ ದಾಸೋಹದಾಗ ಊಟಕ್ಕ ಕರದ್ರು. ಆಯಿ ಬಡಸಾಕ ಅಂತ ಸೆರಗ ಕಟ್ಟಿ ಹೊಂಟ್ಳು. ನಾ ಕೈ ಹಿಡಿದು ಸಾಲಿನಾಗ ಕುಂದರಿಸಿ, ಎದುರಿಗೆ ಕುಂತ್ನಿ. ಕಾಕಾ ಹುರುಪಿನಿಂದ ಹುಗ್ಗಿ ಬಕೀಟ ಹಿಡಕೊಂಡು ಓಡಿ ಬಂದ.

"ಕಾಕಾ, ಕಾಲವಿ ಒಮ್ಮೆಲೆ ತಗೀಬ್ಯಾಡ" ಅಂದ್ನಿ.

ಅವ ಆಯಿ ಮಾರಿ ನೋಡಿದ, ನನ್ನ ಮಾರಿ ನೋಡಿದ. ಬಕೀಟ ಕೆಳಗ ಇಟ್ಟ. ಸೌಟಿನ ತುದಿಲೆ ಒಂದೀಟು ಹುಗ್ಗಿ, ಒಂದು ಮೆತ್ತನ ರೊಟ್ಟಿ, ಬ್ಯಾಳಿ ಹಾಕಿದ. ಮಾತಾಡಲಿಲ್ಲ. ಜನ್ಮದಾಗ ಮೊದಲನೇ ಸಲ.

"ಮುಂದಿನ ವಾರ ವಿಜಾಪುರಕ್ಕ ಹೋಗೂಣು," ಅಂದ್ನಿ ಆಯಿಗೆ. "ಮೇಡಂ ಒಮ್ಮೆ ನಾಡಿ ನೋಡ್ಲಿ. ಅಲ್ಲಿತನಕ ಉಣ್ಣೂದ ನಿನ್ನ ನೌಕರಿ."

"ನೀ ರಿಟೈರ್ ಆಗೀದಿ ಅಂದ್ರಲ್ಲ?"

"ಪ್ರಮೋಷನ್ ಬಂದೈತಿ. ಮುಕಾದಮ್."

ಆಯಿ ಒಂದು ತುತ್ತು ಹರದ್ಳು. ಹರದದ್ದನ್ನ ಮತ್ತ ಹರದ್ಳು. ಇರಬಿ ಮದವಿ ಅನ್ನಾಕ ಬಾಯಿಗೆ ಬಂದಿತ್ತು, ನುಂಗಿದ್ನಿ. ಬದಲಿಗೆ ಕೊಲ್ಹಾರ ಬ್ರಿಜ್ ಮ್ಯಾಲ ನನ್ನ ಜಡಿ ಹಾರಿದ ಕತಿ ಚಾಲೂ ಮಾಡಿದ್ನಿ. ಈ ಸಲ ಜಡಿ ಬ್ರಿಜ್ ದಾಟಿ, ಕೊಲ್ಹಾರ ಊರು ಸುತ್ತು ಹೊಡದು, ಬಾಳಿಹಣ್ಣು ತಗೊಂಡು ಬಂತು. ಆಯಿ ನಕ್ಕೊಂತ ಒಂದು ತುತ್ತು, ಬಯ್ಕೊಂತ ಒಂದು ತುತ್ತು. ಮಠದ ಗ್ವಾಡಿಗೆ ಒಂದು ಗಡಿಯಾರ ಇತ್ತು. ನಾ ಅದಕ ಅಡ್ಡ ಸರದು ಕುಂತ್ನಿ.

ರೊಟ್ಟಿ ಮುಗೀತು. ಕಾಕಾ ಬಂದು ನನ್ನ ತಾಟಿಗೂ ಬಡಸ್ಕೊಂತ ಹ್ವಾದ, ಎರಡು ಸಲವೋ, ಮೂರು ಸಲವೋ. ನಾ ಎಷ್ಟು ಉಂಡ್ನಿ ಅಂತ ಕೇಳಬ್ಯಾಡ್ರಿ. ಆಯಿ ತಾಟು ನೋಡೂದರಾಗ ಎಣಸೂದ ಮರತಿದ್ನಿ.